ಆ ಗ್ರಹದ ಎರೆಮಣ್ಣು

ಮಲ್ಲೇಶಿ, ಅವತ್ತು ಗೆದ್ದವನು ನೀನು. ಸುಳ್ಳು ಹೇಳಿ ನಿನ್ನನ್ನು ಸೋಲಿಸಿದವನು ನಾನು. ಸೋಲಿಸಿದ್ದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ — ಅದಕ್ಕೆ ಆಮೇಲೆ ಬರುತ್ತೇನೆ.

ಆ ಭಾನುವಾರಗಳನ್ನು ನೆನೆದರೆ ಈಗಲೂ ನನಗೆ ನಗುವೇ ಬರುತ್ತದೆ. ತಪ್ಪೊಪ್ಪಿಕೊಳ್ಳಲು ಕೂತವನಿಗೆ ಇದು ಶೋಭಿಸುವುದಿಲ್ಲ, ಆದರೂ — ರೋಣದಿಂದ ನೀನು, ಗಜೇಂದ್ರಗಡದಿಂದ ಗಿರಿಜಾ, ನರಗುಂದದಿಂದ ನಾನು, ಮೂವರೂ ನರೇಗಲ್ಲಿನಲ್ಲಿ ಬಸ್ಸಿಳಿದು ನನ್ನ ಸೋದರಮಾವನ ಮಾಳಿಗೆ ಹತ್ತುತ್ತಿದ್ದೆವು. ಗಿರ್ಮಿಟ್ಟು, ಮಿರ್ಚಿ ಭಜಿ, ಆಡಲು ಒಂದು ಹಿಡಿ ದಾಳ. ಬರೀ ಮಾತಿನಲ್ಲಿ ಕಟ್ಟಿ ಆಡುವ ಆಟ ಅದು; ಚಹಾ ಬರುವಷ್ಟರಲ್ಲಿ ನಾವು ಮೂರು ಚಂದ್ರರಿರುವ ಗ್ರಹದಲ್ಲಿರುತ್ತಿದ್ದೆವು. ನೀನು ಆಕಾಶನೌಕೆಯ ಕಪ್ತಾನ. ಗಿರಿಜಾ ಆ ಗ್ರಹದ ಒಂದು ಪ್ರಾಣಿ. ನಾನು ಆಟ ನಡೆಸುವವ. ಯಾವ ಪ್ರಾಣಿ ಯಾವ ನೆಲದಲ್ಲಿ ಬದುಕುತ್ತದೆ ಎಂದು ವಿಂಗಡಿಸುವವನೂ ನಾನೇ. ತನ್ನ ನೆಲ ಬಿಟ್ಟು ಬಂದ ಪ್ರಾಣಿ ಸಾಯಬೇಕು. ಅದೊಂದೇ ಗಟ್ಟಿ ನಿಯಮ.

ಇಂಥ ಆಟಗಳ ಇಂಗ್ಲಿಷ್ ಪುಸ್ತಕಗಳ ಹಿಮಬಯಲು, ಮಳೆಕಾಡು ನಮಗೆ ಹತ್ತಲಿಲ್ಲ. ಕಪ್ಪು ಎರೆ, ಕೆಂಪು ಮಸಾರಿ, ಕಲ್ಲುಗುಡ್ಡ ಎಂದು ವಿಂಗಡಿಸಿದ ಮೇಲೇ ಆ ಗ್ರಹ ಕಣ್ಣಿಗೆ ಕಂಡದ್ದು. ಮಗ್ಗದ ಮನೆಯಲ್ಲಿ ಬೆಳೆದ ಗಿರಿಜಾ ತನ್ನ ಪ್ರಾಣಿಗೆ ಲಾಳಿ ಎಂದು ಹೆಸರಿಟ್ಟಳು. ನೂಲು ಹೊತ್ತು ಆಚೆಗೀಚೆಗೆ ಓಡುವ ಮಗ್ಗದ ಲಾಳಿಯಂತೆ ಅದು ಎರಡು ಗೋಡೆಗಳ ನಡುವೆ ಓಡುತ್ತಲೇ ಇರಬೇಕು. ನಾನು ಅದನ್ನು ಗುಡ್ಡದ ಸೀಳುಗಳಿಗೆ ಸೇರಿಸಿದೆ: ಎರಡೂ ಕಡೆ ಗೋಡೆಯಿದ್ದಲ್ಲಿ ಬದುಕು, ಬಟ್ಟಬಯಲಲ್ಲಿ ಸಾವು.

ಲಾಳಿ ನಿನ್ನ ನೌಕೆಯ ತಂತಿಗಳನ್ನೆಲ್ಲ ತಿಂದು ಹಾಕುತ್ತಿತ್ತು. ಅದನ್ನು ಬಯಲಿಗೆಳೆಯಲು ನೀನು ಸಂಚು ಹೂಡಿದೆ. ಹೂಡುವ ಮೊದಲು ನನ್ನನ್ನು ಕೇಳಿದ್ದೆ.

"ಲೇ ಶಂಕ್ರ್ಯಾ, ಅಲ್ಲಿ ಎರಿ ಬಿರಿತೈತೇನು?"

"ಇಲ್ಲಪಾ. ನೆಲದಾಗಿಂದನ ನೀರ ಜಿನಗತೈತಿ. ಎಂದೂ ಬಿರಿಯಂಗಿಲ್ಲ."

ಆಮೇಲೆ ಎಷ್ಟು ಭಾನುವಾರ ಕಾದೆಯೋ — ಕೊನೆಗೂ ಲಾಳಿ ನಿನ್ನ ನೌಕೆಯ ಬೆಳಕಿನ ಬೆನ್ನುಹತ್ತಿ ಎರೆಬಯಲಿನ ನಡುಮಧ್ಯಕ್ಕೆ ಬಂತು. ನೀನು ಎದ್ದು ನಿಂತು ಕುಣಿದೆ.

"ಮುಗೀತು ನಿನ್ನ ಲಾಳಿ, ಗಿರಿಜವ್ವಾ! ಊದಿನಕಡ್ಡಿ ಹಚ್ಚು!"

"ಹಚ್ಚತೀನಿ, ನಿನ್ನ ಮೂಗಿನಾಗ!"

ಅಂದಳು, ಆದರೆ ಅವಳ ಕೈಯ ಮಿರ್ಚಿ ಬಾಯಿಗೆ ಹೋಗಲಿಲ್ಲ. ಕಿಟಕಿಯಾಚೆ ಮಳೆ ಇತ್ತು ಎಂದು ಬರೆಯಲು ಹೊರಟೆ. ನಾನು ಬೆವರೊರೆಸಿಕೊಂಡದ್ದೂ ನೆನಪಿದೆ. ಎರಡರಲ್ಲೊಂದು ಆಮೇಲೆ ಸೇರಿಕೊಂಡದ್ದು. ನನ್ನ ನೆನಪೇ ಹಾಗೆ — ಮಾತುಗಳನ್ನು ಮಾತ್ರ ನಂಬಬಹುದು.

"ತಡಿ," ಅಂದೆ ನಾನು. "ಬ್ಯಾಸಗಿ ಐತಿ, ಎರಿ ಬಿರಿದೈತಿ. ಬಿರುಕಿಗೆ ಎರಡೂ ಕಡೆ ಗ್ವಾಡಿ. ಲಾಳಿ ಉಳೀತು."

"ಬಿರಿಯಂಗಿಲ್ಲ ಅಂದಿದ್ದಿ ಅಲ್ಲಲೇ?"

"ನಾ ಹಂಗ ಅಂದಿಲ್ಲ. ನೀ ತಪ್ಪ ಕೇಳಿಸ್ಕೊಂಡಿ."

ನೀನು ಜಗಳಕ್ಕೆ ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ಹಣೆ ಬಡಿದುಕೊಂಡು ನಕ್ಕುಬಿಟ್ಟೆ.

"ಹೌದಲೇ! ನಮ್ಮ ಹೊಲದ ಬಿರುಕಿನ್ಯಾಗ ಚಪ್ಪಲಿ ಕಳಕೊಂಡಾಂವ ನಾ. ಎರಿ ಬಿರಿಯಂಗಿಲ್ಲ ಅಂತ ಹ್ಯಾಂಗ ತಿಳಕೊಂಡೆ!"

ಸೋತವನು ನೀನು, ಮತ್ತೆ ಮಿರ್ಚಿ ತರಿಸಿದವನೂ ನೀನೇ.

ಯಾಕೆ ಹಾಗೆ ಮಾಡಿದೆ? ಗಿರಿಜಾಳ ಮುಖ ನೋಡಲಾಗದೆ — ಎಂದು ಕೆಲವು ವರ್ಷ ಅಂದುಕೊಂಡೆ. ಲಾಳಿ ಸತ್ತರೆ ಆಟ ಮುಗಿದು, ಬಸ್ಸು ಹತ್ತಲು ಕಾರಣವೇ ಇಲ್ಲವಾಗುತ್ತದೆಂದು — ಎಂದು ಇನ್ನು ಕೆಲವು ವರ್ಷ. ಎರಡೂ ಆಮೇಲೆ ಹೊಲಿದುಕೊಂಡ ಅಂಗಿಗಳು. ಖಚಿತವಾಗಿ ಗೊತ್ತಿರುವುದು ಇಷ್ಟೇ: ಆ ಬಿರುಕು ಹೊಳೆದಾಗ ನನಗೆ ಭಾಳ ಖುಷಿಯಾಯಿತು.

"ನಾ ತಪ್ಪ ಕೇಳಿರಬೇಕು ಬಿಡ್ರಿ" — ಇದು ಅಂದಿನಿಂದ ನಿನ್ನ ತಮಾಷೆಯ ಮಾತಾಯಿತು. ನಾವೂ ನಗುತ್ತಿದ್ದೆವು. ಇಷ್ಟು ವರ್ಷವಾದರೂ ಸೇರುವುದನ್ನು ಬಿಟ್ಟಿಲ್ಲ ನಾವು; ಹೋದ ಭಾನುವಾರ ಗಿರಿಜಾ ಹೊಸ ಗ್ರಹವೊಂದನ್ನು ಶುರು ಮಾಡೋಣ, ಈ ಸಲ ನೀನೇ ನಡೆಸು ಅಂದಳು. ಎಷ್ಟು ಆಸೆಯಿಂದ ದಾಳ ಎತ್ತಿಕೊಂಡೆ ನೀನು! ಮತ್ತೆ ಕೆಳಗಿಟ್ಟೆ.

"ಬ್ಯಾಡವಾ. ನನ್ನ ನೆನಪಿನ ಮ್ಯಾಲ ನನಗ ಭರೋಸಾ ಇಲ್ಲ. ಎರಿ ಬಿರಿಯೂದನ್ನ ಮರತಾಂವ ನಾ."

ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ನನ್ನ ನೆನಪನ್ನು ಅನುಮಾನಿಸುವುದು ನನಗೊಂದು ಶೋಕಿ. ನಿನ್ನದು ನೆಟ್ಟಗಿತ್ತು, ಅದನ್ನು ನಾನು —

ಈ ಭಾನುವಾರ ಇದನ್ನು ಗಿರಿಜಾಳ ಎದುರೇ ಓದುತ್ತೇನೆ. ಅವಳ ಲಾಳಿ ಅವತ್ತೇ ಸತ್ತಿತ್ತು ಎಂದು ಅವಳಿಗೂ ತಿಳಿಯಲಿ, ಬೈದರೆ ಬೈಯಲಿ. ಆಟ ನಡೆಸುವವನ ಜಾಗದಲ್ಲಿ ನೀನು ಕೂಡಬೇಕು. ನಾನೊಂದು ಹೊಸ ಪ್ರಾಣಿ ತರುತ್ತೇನೆ. ಅದಕ್ಕೆ ಯಾವ ನೆಲ ಎಂದು ನೀನು ಹೇಳು. ಎಲ್ಲಿಯೂ ಬದುಕುವುದಿಲ್ಲ ಅಂದರೂ ಸರಿ.

ಆ ಗ್ರಹದ ಎರೆ ಬಿರಿಯುವುದಿಲ್ಲ. ನಾನು ಹಾಗೆಯೇ ಹೇಳಿದ್ದೆ. ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ.