ದೊಡ್ಡವ್ವ ಕಾಡಿನ ಇರುವೆಗೆ ರವೆ ಹಾಕಿದ್ದು

ಸೋಮವಾರ ಬೆಳಗಿನ ಐದೂವರೆಗೆ ಅಕ್ಕಿಆಲೂರು ಬಿಟ್ಟೆವು. ನನ್ನ ಚೀಲದಲ್ಲಿ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗಳು, ಹಗ್ಗ, ಬಿಳಿ ರಟ್ಟುಗಳು. ದೊಡ್ಡವ್ವನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅವಳು ತೋರಿಸದ ಒಂದು ಗಂಟು. ನನ್ನ ಎಂ.ಎಸ್ಸಿ. ಪ್ರಬಂಧಕ್ಕಾಗಿ ಸಿದ್ದಾಪುರದಾಚೆಯ ಮಳೆಕಾಡಿನಲ್ಲಿ ಎಷ್ಟು ಬಗೆಯ ಇರುವೆಗಳಿವೆ ಎಂದು ನೋಡಬೇಕಿತ್ತು. ಪರವಾನಗಿ ಅದೊಂದು ದಿನಕ್ಕೆ, ಒಂದೇ ಜಾಗಕ್ಕೆ ಮಾತ್ರ. ಒಬ್ಬಳನ್ನೇ ಕಳಿಸಲು ಒಪ್ಪದ ಅವ್ವ ತನ್ನ ಅಕ್ಕನನ್ನು ಜೊತೆ ಮಾಡಿದ್ದಳು.

ಹಾನಗಲ್ಲಿನಲ್ಲಿ ಶಿರಸಿ ಬಸ್ಸು ಸಿಕ್ಕಿತು. ಇಬ್ಬರಿಗೂ ಉಚಿತ ಟಿಕೆಟ್ ಹರಿದುಕೊಟ್ಟ ಕಂಡಕ್ಟರು ಸೀಸೆಗಳನ್ನು ನೋಡಿ, “ಅತ್ತರ ಏನ್ರಿ?” ಎಂದರು.

“ಇರುವಿ ಕೊಲ್ಲೂ ಔಷಧರಿ,” ದೊಡ್ಡವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. “ಮನ್ಯಾಗ ಬೇಕಾದಷ್ಟು ಅದಾವು. ಅವನ್ನ ಬಿಟ್ಟು ಶಿರಸಿ ದಾಟಿ ಹೊಂಟಾಳ.”

“ಬಗೀಗೆ ಒಂದೆರಡು ಅಷ್ಟ, ದೊಡ್ಡವ್ವ. ಕೆಲವಕ್ಕ ಇನ್ನೂ ಹೆಸರ ಇಟ್ಟಿಲ್ಲ.”

“ಹೆಸರಿಡಾಕ ಹೋಗಿ ಹೆಣಾ ತರ್ತಿ ಅನ್ನು.”

ಹತ್ತೂವರೆಗೆ ಕಾಡು ಸೇರಿದೆವು. ಬಿಸಿಲು ಮರದ ತುದಿಗಳಲ್ಲೇ ಉಳಿದಿತ್ತು, ಕೆಳಗೆ ಒದ್ದೆ ತರಗೆಲೆ. ಜೊತೆಗೆ ಬಂದ ಫಾರೆಸ್ಟ್ ಗಾರ್ಡ್ ತೋರಿಸಿದ ಜಾಗದಲ್ಲಿ ಹಗ್ಗ ಕಟ್ಟಿ, ಅದರ ಗುಂಟ ರಟ್ಟುಗಳನ್ನಿಟ್ಟೆ. ಪ್ರತಿ ರಟ್ಟಿನ ಮೇಲೆ ಬೆಲ್ಲದ ನೀರಲ್ಲಿ ಅದ್ದಿದ ಹತ್ತಿ. ಒಂದು ತಾಸಿನಲ್ಲಿ ಯಾವ ಯಾವ ಇರುವೆ ಬರುತ್ತದೋ ಅದೇ ನನ್ನ ಲೆಕ್ಕ. ದೊಡ್ಡವ್ವ ಅಡ್ಡಾಡಿ ಬರುತ್ತೇನೆಂದಳು. “ದಾರಿ ತಪ್ಪೀತು, ಹಗ್ಗ ಬಿಟ್ಟು ಹೋಗಬ್ಯಾಡ,” ಎಂದೆ.

ಅವಳು ಹಗ್ಗ ಬಿಡಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ, ಗಂಟು ಬಿಚ್ಚಿ, ಸಕ್ಕರೆ ಬೆರೆಸಿದ ರವೆ ಚೆಲ್ಲುತ್ತ ನಡೆದಿದ್ದಳು. ತಾಸಿನ ನಂತರ ನನ್ನ ರಟ್ಟುಗಳು ಖಾಲಿ. ಕೆಂಪು, ಕಪ್ಪು, ಬೆನ್ನಿಗೆ ಮುಳ್ಳಿರುವ ಇರುವೆಗಳೆಲ್ಲ ರವೆ ಹೊತ್ತು ಸಾಲುಗಟ್ಟಿದ್ದವು.

“ಏನ್ ಮಾಡಿದಿ ದೊಡ್ಡವ್ವ?”

“ಸೋಮವಾರ ಇರುವಿಗೆ ಹಾಕೂದು ಇವತ್ತಿಂದೇನ? ನೀ ಕೊಲ್ಲೂದಕ್ಕ ನಾ ಹಾಕೂದು ವಜಾ.”

“ನಾ ಇನ್ನೂ ಒಂದೂ ಕೊಂದಿಲ್ಲ.”

“ಹಂಗಾರ ಅಷ್ಟೂ ಪುಣ್ಯ ಉಳೀತು.”

ಗಾರ್ಡ್ ಮರದ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು.

ಮರಳುವ ಬಸ್ಸಿನಲ್ಲಿ ಅವಳಿಗೆ ಬಿಡಿಸಿ ಹೇಳಿದೆ: ಮಣ್ಣು ಸಡಿಲ ಮಾಡುವುದು, ಬೀಜ ಹೊತ್ತು ಹರಡುವುದು ಇವೇ, ಇಂದು ಏನಿದೆ ಎಂದು ಬರೆದಿಡದಿದ್ದರೆ ನಾಳೆ ಏನು ಹೋಯಿತೆಂದೂ ತಿಳಿಯದು. ಶಿರಸಿ ಬಂದಾಗ ದೊಡ್ಡವ್ವ ನನ್ನ ಕಡೆ ತಿರುಗಿದಳು.

“ನಿಂದು ವರ್ಷಾ ಹ್ವಾತೇನ ಹಂಗಾರ?”

“ಇನ್ನೊಂದಿನ ಕೊಡಲಿಲ್ಲಂದ್ರ ಹ್ವಾತು.”

ಹಾನಗಲ್ ಸ್ಟ್ಯಾಂಡಿನಲ್ಲಿ ನನ್ನ ಪ್ರಬಂಧ ನೋಡಿಕೊಳ್ಳುವ ಪ್ರೊಫೆಸರ್ ಫೋನ್ ಬಂತು. ನಡೆದದ್ದನ್ನು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ ತಾವೇ ಅರಣ್ಯ ಇಲಾಖೆಯವರ ಜೊತೆ ಮಾತಾಡಿ, ಗುರುವಾರಕ್ಕೆ ಪರವಾನಗಿ ಕೊಡಿಸಿದರು.

“ಗುರುವಾರ ನಾನೂ ಬರ್ತೇನಿ,” ಎಂದಳು ದೊಡ್ಡವ್ವ. “ನಿಂದು ಮುಗಿಯೂತನಕ ಗಂಟ ಬಿಚ್ಚೂದಿಲ್ಲ. ಮುಗದ ಮ್ಯಾಲೆ ನೀ ಬ್ಯಾಡ ಅನ್ನಂಗಿಲ್ಲ.”

ಅಕ್ಕಿಆಲೂರು ಬಸ್ಸಿನಲ್ಲಿ ಕುಳಿತು ದಿನಚರಿ ತೆಗೆದೆ. ಸೋಮವಾರ: ರಟ್ಟಿಗೆ ಬಂದ ಇರುವೆ, ಸೊನ್ನೆ. ಗುರುವಾರಕ್ಕೆ: ಸೀಸೆ, ಹಗ್ಗ, ರಟ್ಟು, ಬೆಲ್ಲ. ಅದರ ಕೆಳಗೆ, ದೊಡ್ಡವ್ವ ಇಣುಕಿ ನೋಡುತ್ತಿದ್ದುದರಿಂದ, ರವೆಯನ್ನೂ ಬರೆದೆ.