ಬಚ್ಚಲು ನಿಲ್ಲಿಸಿದ ಬಂಡೆ ಹಲ್ಲಿಗಳು

ಕಚೇರಿಗೆ ಓಡಾಡಿ ಸರಕಾರಿ ಪರ್ಮಿಟ್ ಮೇಲೆ ತಂದ ಸಿಮೆಂಟು ಪಡಸಾಲೆಯಲ್ಲೇ ಕೆಡುತ್ತಿದ್ದರೆ ನೀವೇನು ಮಾಡುತ್ತೀರಿ? ನಾನು ಈ ಬೇಸಿಗೆಯಲ್ಲಿ ಹಲ್ಲಿ ನೋಡುತ್ತ ಕೂತಿದ್ದೆ!

ಗಂಗಾವತಿಯ ನಮ್ಮ ಹಿತ್ತಲಲ್ಲಿ ದೊಡ್ಡದೊಂದು ಬಂಡೆಯಿದೆ. ತಂಗಿ ನೀಲಾ ಹೆರಿಗೆಗೆಂದು ಗಂಡನ ಊರಾದ ಹನುಮಸಾಗರದಿಂದ ಬಂದಿದ್ದಳು. ಅವಳಿಗೊಂದು ಬಚ್ಚಲು ಬೇಕು, ಅದಕ್ಕೆ ಬಂಡೆಯ ಅಂಚು ಒಡೆಯಬೇಕು. ಕಲ್ಲು ಒಡೆಯುವ ಹನುಮಪ್ಪನನ್ನು ಕರೆಸಿದೆ.

ಸುತ್ತಿಗೆ ಎತ್ತಿದವನು ಬಿರುಕಿನೊಳಗೆ ಇಣುಕಿ ಹಿಂದೆ ಸರಿದ. ಗೇಣುದ್ದದ ಹಲ್ಲಿಗಳು! ಮನೆಯ ಗೋಡೆಯವಲ್ಲ, ಬಂಡೆ ಹಲ್ಲಿಗಳು. ಕಲ್ಲಿನದೇ ಬಣ್ಣ, ಅಲುಗದಿದ್ದರೆ ಕಲ್ಲೇ. ಪಕ್ಕದಲ್ಲಿ ಅಂಗಿಯ ಗುಂಡಿಗಳಂತೆ ಕಲ್ಲಿಗೆ ಅಂಟಿದ ಬಿಳಿ ಮೊಟ್ಟೆಗಳು.

"ಮನ್ಯಾಗ ಬಸುರಿ ಹೆಂಗಸು ಅದಾಳ, ಹೊಗಿ ಹಾಕಿ ಓಡಸಪಾ," ಅಂದಳು ಅವ್ವ.

ಅವ್ವನ ಭಯಕ್ಕೆ ಕಾರಣವಿತ್ತು. ನೀಲಾಳ ಮೊದಲ ಬಸಿರು ನಿಲ್ಲದಿದ್ದಾಗ ಅವಳ ಅತ್ತೆ ಊರಿಗೆಲ್ಲ ಹೇಳಿದ್ದು ಒಂದೇ ಮಾತು: "ಹೊಟ್ಟಿ ಮ್ಯಾಲೆ ಹಲ್ಲಿ ಬಿದ್ದಿತ್ತು, ಈಕಿ ಮುಚ್ಚಿಟ್ಟಳು." (ಡಾಕ್ಟರು ಮೈಯಲ್ಲಿ ರಕ್ತ ಕಡಿಮೆ ಎಂದಿದ್ದರು. ಕೇಳುವವರು ಯಾರು?)

ನೀಲಾಳೇ ಮೊದಲು ಓಡಿಸಲು ಹೇಳುತ್ತಾಳೆ ಅಂದುಕೊಂಡೆ. ಅವಳೋ, ಮೊಟ್ಟೆಗಳನ್ನು ಬೇರೆಡೆ ಇಡೋಣವೆಂದು ಒಂದನ್ನು ಮೆಲ್ಲಗೆ ಎಳೆದಳು. ಬಿಡಲಿಲ್ಲ, ಒಡೆಯಿತು. ಒಳಗೆ ಬಾಲ ಸುತ್ತಿಕೊಂಡ ಮರಿ. ಒಮ್ಮೆ ಮಿಸುಕಿ ಸುಮ್ಮನಾಯಿತು.

ನೀಲಾ ಅಂಗೈ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು.

"ಅಣ್ಣಾ, ಉಳಿದವು ಹೊರಗ ಬರೂತನಕ ಕಲ್ಲು ಮುಟ್ಟಬ್ಯಾಡ."

"ಸಿಮೆಂಟು ಕೆಡತೈತಿ!"

"ಕೆಡ್ಲಿ."

ಹನುಮಪ್ಪ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡ. "ಆತು ಬಿಡವಾ, ಮಳಿ ಬಿದ್ದ ಮ್ಯಾಲೆ ಬರ್ತೀನಿ," ಅಂದ.

ಸಂಜೆ ಹಿತ್ತಲಲ್ಲಿ ಕೂರುವುದು ನಮಗೆ ರೂಢಿಯಾಯಿತು. ಈ ಹಲ್ಲಿ ತಾಯಂದಿರು ಕಾವಿಗೆ ಕೂರುವುದಿಲ್ಲ. ಬಿಸಿಲಿಗೆ ಕಾದ ಬಂಡೆಯೇ ಕಾವು. ಹಲವು ತಾಯಂದಿರಿಗೆ ಒಂದೇ ಬಿರುಕು, ಒಡೆದ ಹಳೇ ಚಿಪ್ಪಿನ ಗುರುತಿನ ಪಕ್ಕದಲ್ಲೇ ಹೊಸ ಮೊಟ್ಟೆ. ಹೊತ್ತು ಮುಳುಗಿದರೆ ಹಲ್ಲಿಗಳು ಜಿರಲೆ ಹಿಡಿಯಲು ಹೊರಡುತ್ತವೆ. ಅವ್ವ ದೂರದಿಂದಲೇ, "ಇವತ್ತು ಜಿರಳಿ ಸಿಕ್ಕಿತೇನು ಅವಕ್ಕ?" ಅಂತ ಕೇಳತೊಡಗಿದಳು!

ಮುಂಗಾರು ಬಿದ್ದ ಮೇಲೆ ಚಿಪ್ಪು ಒಡೆದವು. ಮರಿಗಳು ಯಾರಿಗೂ ಕಾಯದೆ ಬಂಡೆ ಏರಿದವು. ಸಿಮೆಂಟಿನಲ್ಲಿ ಒಂದಿಷ್ಟು ಕಲ್ಲಾಗಿತ್ತು. ಉಳಿದದ್ದರಲ್ಲಿ, ಬಂಡೆ ಒಡೆಯದೆಯೇ, ಅದರ ಈಚೆಗೆ ಪುಟ್ಟ ಬಚ್ಚಲು ಎದ್ದಿತು. ನೀಲಾಳಿಗೆ ಹೆಣ್ಣು ಕೂಸು, ಗಟ್ಟಿಮುಟ್ಟಾಗಿದೆ.

ಹೋದ ವಾರ ಕೂಸು ನೋಡಲು ಅತ್ತೆ ಬಂದರು. ಗೋಡೆಯತ್ತ ನೋಡಿ, "ಅಯ್ಯ, ಇಲ್ಲೂ ಹಲ್ಲಿ!" ಎಂದು ಕೂಗಿದರು.

ನೀಲಾ ಕೂಸನ್ನು ಅವರ ಮಡಿಲಿಗಿಟ್ಟಳು. "ಅತ್ತಿ, ಆಗ ನನ್ನ ಮೈಯಾಗ ರಕ್ತ ಇದ್ದಿದ್ದಿಲ್ಲರಿ. ತಪ್ಪು ಹಲ್ಲೀದಲ್ಲ. ನಂದೂ ಅಲ್ಲ."

ಅತ್ತೆ ಕೂಸಿನ ತಲೆಯ ಕುಲಾಯಿ ಸರಿಮಾಡುತ್ತ ಕೂತರು.

ಹೀಗೆ ಬಾಯಿಬಿಟ್ಟು ಹೇಳಲಾಗದ ಸೊಸೆಯರು ನಮ್ಮ ನಿಮ್ಮ ಮನೆಗಳಲ್ಲಿ ಇನ್ನೆಷ್ಟು ಮಂದಿ ಇದ್ದಾರೋ?