ಐದು ಬಾಲಿನ ಓವರ್

ನಮ್ಮದು ಆಟಗಾರರ ಮನೆ. ಅಪ್ಪ ಭದ್ರಾವತಿಯ ಕಾರ್ಖಾನೆ ತಂಡದ ವೇಗದ ಬೌಲರ್ ಆಗಿದ್ದವರು, ಅಕ್ಕ ಖೊಖೊದಲ್ಲಿ ಜಿಲ್ಲೆಗೆ ಆಡಿದವಳು, ಅಣ್ಣ ಬ್ಯಾಟ್ಸ್‌ಮನ್. ನನಗೆ ಓಡಲು ಬರುತ್ತಿರಲಿಲ್ಲ, ನಿಲ್ಲಲು ಬರುತ್ತಿತ್ತು, ಅಂಪೈರ್ ಆದೆ. ಭಾನುವಾರ ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಟರೆ ಸಂಜೆವರೆಗೂ ನಿಂತೇ ಇರುವುದು.

ಬಾಲು ಎಣಿಸಲು ಕೆಲವರು ಕಲ್ಲು ಇಟ್ಟುಕೊಳ್ಳುತ್ತಾರೆ. ನನ್ನ ಬಲಜೇಬಿನಲ್ಲಿ ಆರು ಅಡಿಕೆ ಹೋಳು. ಬಾಲಿಗೊಂದರಂತೆ ಎಡಜೇಬಿಗೆ ಹಾಕುತ್ತೇನೆ. ಬಲಜೇಬು ಖಾಲಿಯಾದರೆ ಓವರ್.

ಹೋದ ಚಳಿಗಾಲ ಜನ್ನಾಪುರದಲ್ಲಿ ನಲವತ್ತು ದಾಟಿದವರ ಪಂದ್ಯ. ಬೇರೆ ಅಂಪೈರ್ ಸಿಗದೆ ನನ್ನನ್ನೇ ಕರೆದಿದ್ದರು. ಅಣ್ಣನಿಗೆ ಐವತ್ತೆರಡು ವರ್ಷ. ಜೀವಮಾನದಲ್ಲಿ ಒಂದೂ ಅರ್ಧಶತಕ ಹೊಡೆದವನಲ್ಲ. ಅಪ್ಪ ಅದನ್ನು ಪ್ರತಿ ಹಬ್ಬದ ಊಟದಲ್ಲೂ ನೆನಪಿಸುತ್ತಿದ್ದರು. ಮಂಡಿನೋವಿನಿಂದಾಗಿ ಅದೇ ಅವನ ಕೊನೆಯ ಪಂದ್ಯ, ನೋಡಲು ಅಪ್ಪನೂ ಬಂದಿದ್ದರು. ತಂಡ ಸೋಲುವುದು ಖಚಿತವಾಗಿತ್ತು. ಕೊನೆಯ ಓವರಿನಲ್ಲಿ ಅಣ್ಣ ಏದುಸಿರು ಬಿಡುತ್ತ ಎರಡು ರನ್ ಓಡಿ ನಲವತ್ತೊಂಬತ್ತಕ್ಕೆ ಬಂದ. ನಾನು "ಓವರ್" ಎಂದು ಬೇಲ್ಸ್ ತೆಗೆದೆ.

"ಇನ್ನೊಂದು ಬಾಲಿದೆ ಕಣೋ!" ಅಣ್ಣ ಕೂಗಿದ.

"ಆರಾಯ್ತು" ಎಂದು ಎಡಜೇಬು ಸುರಿದು ತೋರಿಸಿದೆ. ಐದು. ಆರನೆಯದು ನನ್ನ ದವಡೆಯಲ್ಲಿತ್ತು. ಯಾವಾಗ ಬಾಯಿಗೆ ಹಾಕಿಕೊಂಡೆನೋ, ದೇವರಾಣೆ ಗೊತ್ತಿಲ್ಲ.

"ನನ್ನ ಫಿಫ್ಟಿ ಅಗಿದ್ಬಿಟ್ಯಲ್ಲೋ ಮಾರಾಯ!"

ತಪ್ಪು ಒಪ್ಪಿಕೊಂಡೆ. ಆದರೆ ಅಂಪೈರ್ ತಪ್ಪಾಗಿ ಎಣಿಸಿದರೂ ಅವನು ಎಣಿಸಿದ್ದೇ ಓವರ್ ಎನ್ನುತ್ತದೆ ನಿಯಮ, ಹಾಗೆಂದೇ ಹೇಳಿದೆ. ಸ್ವಂತ ಅಣ್ಣನಿಗಾಗಿ ಅದನ್ನು ಮುರಿದರೆ ನಾಳೆ ಯಾವ ಮುಖ ಹೊತ್ತು ಮೈದಾನಕ್ಕಿಳಿಯಲಿ?

"ನಿಯಮವಂತೆ!" ಅಪ್ಪ ಗೆರೆಯಾಚೆ ಕುರ್ಚಿಯಿಂದಲೇ ಕೂಗಿದರು. "ಅಡಿಕೆ ತಿನ್ನು ಅಂತ ಯಾವ ನಿಯಮದಲ್ಲಿ ಬರ್ದಿದೆಯೋ?"

ಎದುರು ತಂಡದ ಕ್ಯಾಪ್ಟನ್‌ಗೆ ಕನಿಕರವಾಯಿತು. "ನಾವು ಗೆದ್ದಾಯ್ತಲ್ಲ ಸಾರ್. ಒಂದು ಬಾಲ್ ಹಾಕ್ತೀವಿ ಬಿಡಿ."

"ಹಾಕಿ. ಆದ್ರೆ ಅದು ಲೆಕ್ಕಕ್ಕೆ ಬರಲ್ಲ" ಎಂದೆ.

"ಬರ್ಕೋಬೇಡ ಹೋಗು. ಅಪ್ಪ ನೋಡಿದ್ರೆ ಸಾಕು" ಎಂದು ಅಣ್ಣ ಗಾರ್ಡ್ ತೆಗೆದುಕೊಂಡ.

ಬೇಲ್ಸ್ ಮತ್ತೆ ಇಟ್ಟೆವು. ಅಣ್ಣ ಮೈಯೆಲ್ಲ ತಿರುಗುವಂತೆ ಬೀಸಿದ. ಬಾಲು ನಡುಸ್ಟಂಪಿನೆದುರು ಸೀದಾ ಪ್ಯಾಡಿಗೆ ಬಡಿಯಿತು. ಹನ್ನೊಂದು ಜನ ಒಟ್ಟಿಗೆ ಕೂಗಿದರು. ಅಭ್ಯಾಸಬಲ, ನನ್ನ ಬೆರಳು ಮೇಲೆದ್ದೇಬಿಟ್ಟಿತು.

ಅಣ್ಣ ನನ್ನ ಬೆರಳು ನೋಡಿದ, ಅಪ್ಪನ ಮುಖ ನೋಡಿದ. ಆಮೇಲೆ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು, ಸ್ಕೋರರ್ ಮೇಜಿನ ಕಡೆ ಗತ್ತಿನಿಂದ ನಡೆದ.

"ಅಂಪೈರ್ ಹೇಳಿದ್ದು ಎಲ್ರೂ ಕೇಳಿಸ್ಕೊಂಡ್ರಲ್ಲ? ಈ ಬಾಲು ಲೆಕ್ಕಕ್ಕಿಲ್ಲ. ನಿಯಮ ಅಂದ್ರೆ ನಿಯಮ. ಬರ್ಕೊಳ್ಳಿ: ನಲವತ್ತೊಂಬತ್ತು, ನಾಟೌಟ್!"